ಬೆಳಗಿನ ಮೊದಲ ಸ್ಟಾರ್ಟ್

ರಾತ್ರಿ ಹನ್ನೊಂದೂವರೆಗೆ ಕಾರಿನ ಬಾನೆಟ್ ‘ಟಕ್’ ಎಂದಿತು. ಸದ್ದು ಸಣ್ಣದೇ, ಆದರೆ ಸ್ಫೂರ್ತಿಯದು ಎಲೆ ಬಿದ್ದರೂ ಎಚ್ಚರಾಗುವ ನಿದ್ದೆ. ಪಕ್ಕದಲ್ಲಿ ಗಂಡ ವಿಶ್ವಾರಾಧ್ಯ ಗೊರಕೆ ಹೊಡೆಯುತ್ತಿದ್ದ. ಅವಳು ಎದ್ದು ಪರದೆ ಸರಿಸಿದಳು. ಕಾಂಪೌಂಡಿನೊಳಗೆ ಮಾವ ಮುರುಗೇಶಪ್ಪನವರು ಟಾರ್ಚನ್ನು ಕಂಕುಳಲ್ಲಿ ಇರುಕಿಸಿಕೊಂಡು, ಬ್ಯಾಟರಿಯ ತಂತಿಯನ್ನು ಸ್ಪ್ಯಾನರಿನಿಂದ ಬಿಚ್ಚುತ್ತಿದ್ದರು. ಬಿಚ್ಚಿದ ತುದಿಗೆ ಬಟ್ಟೆ ಸುತ್ತಿ, ಬಾನೆಟ್ ಮೆಲ್ಲಗೆ ಮುಚ್ಚಿ ಒಳಗೆ ಬಂದರು.

ತಿಂಗಳಿನಿಂದ ಕಾಡುತ್ತಿದ್ದ ಒಗಟು ಹೀಗೆ ಬಿಡಿಸಿಕೊಂಡಿತು.

ಅದು ಹದಿನೈದು ವರ್ಷದ ಕಾರು. ಭದ್ರಾವತಿಯ ನ್ಯೂ ಟೌನಿನಿಂದ ಶಿವಮೊಗ್ಗದ ಕಾಲೇಜಿಗೆ ಪಾಠ ಹೇಳಲು ಅವಳು ಅದರಲ್ಲೇ ಓಡಾಡುತ್ತಿದ್ದಳು. ಬೆಳಗ್ಗೆ ಕೀ ತಿರುಗಿಸಿದರೆ ಸ್ಟಾರ್ಟರ್ ಹತ್ತು ಸೆಕೆಂಡು ಕೊರಗುತ್ತಿತ್ತು. ಸ್ಟಾರ್ಟ್ ಆದ ಮೇಲೂ ಎಂಜಿನ್ ಜ್ವರ ಬಂದಂತೆ ನಡುಗುತ್ತಿತ್ತು. ಆ ಒಂದು ಸಲ ಬಿಟ್ಟರೆ ದಿನವಿಡೀ ತಕರಾರಿಲ್ಲ. ದಾರಿಯಲ್ಲಿ ಸಿಗುವ ಮಲವಗೊಪ್ಪದ ಮೆಕ್ಯಾನಿಕ್ ಭೀಮೇಶ್ ಪ್ಲಗ್ ಬದಲಿಸಿದ, ಇಂಜೆಕ್ಟರ್ ತೊಳೆದ, ಒಂದು ರಾತ್ರಿ ಗ್ಯಾರೇಜಿನಲ್ಲೇ ಇಟ್ಟುಕೊಂಡು ಪೆಟ್ರೋಲ್ ಪ್ರೆಷರ್ ಇಳಿಯುತ್ತದೆಯೇ ಎಂದು ಮೀಟರ್ ಹಾಕಿ ನೋಡಿದ. ಇಳಿದಿರಲಿಲ್ಲ.

“ಇಲ್ಲಿ ಒಂದೇ ಕೀಗೆ ಸ್ಟಾರ್ಟ್ ಆಗ್ತದೆ ಮೇಡಂ. ನಿಮ್ಮನೇಲಿ ಯಾರಾದ್ರೂ ದೃಷ್ಟಿ ಹಾಕ್ತಾರಾ ಹೆಂಗೆ?” ಎಂದು ನಕ್ಕು, ಆಮೇಲೆ ಕೇಳಿದ್ದ: “ರಾತ್ರಿ ಬ್ಯಾಟರಿ ವೈರ್ ಏನಾದ್ರೂ ಬಿಚ್ಚಿಡ್ತೀರಾ? ಬಿಚ್ಚಿದ್ರೆ ಎಷ್ಟು ಗಾಳಿ, ಎಷ್ಟು ಪೆಟ್ರೋಲು ಅಂತ ಇದರ ಕಂಪ್ಯೂಟರು ಕಲ್ತಿದ್ದೆಲ್ಲ ಮರ್ತುಬಿಡ್ತದೆ. ಬೆಳಿಗ್ಗೆ ಮತ್ತೆ ಅಆಇಈ ಇಂದ ಶುರು.”

“ಯಾರಿಗೆ ಬೇಕ್ರೀ ಆ ಕೆಲ್ಸ?” ಎಂದಿದ್ದಳು ಸ್ಫೂರ್ತಿ.

ಮಾವನಿಗೆ ಬೇಕಿತ್ತು. ಮೂವತ್ತನಾಲ್ಕು ವರ್ಷ ಉಕ್ಕಿನ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು. ಕೆಲಸ ಮುಗಿದ ಮಿಷನ್ನಿನ ಮೇನ್ ಸ್ವಿಚ್ ಆರಿಸದೆ ಮನೆಗೆ ಬಂದವರಲ್ಲ. ನಿಂತ ಕಾರೊಂದು ಹೊತ್ತಿ ಉರಿದದ್ದನ್ನು ಟಿವಿಯಲ್ಲಿ ನೋಡಿದ ದಿನದಿಂದ ಇದು ಶುರುವಾಗಿರಬೇಕು. ಬೆಳಗ್ಗೆ ಲಿಂಗಪೂಜೆಗೆ ಕೂರುವ ಮೊದಲೇ ತಂತಿಯನ್ನು ಮತ್ತೆ ಬಿಗಿಯುತ್ತಿದ್ದರೇನೋ.

ಹೋದ ಯುಗಾದಿಯಲ್ಲಿ ಅವರು ಗ್ಯಾಸ್ ಆರಿಸಲು ಮರೆತದ್ದೇ ಸಾಕಾಗಿ, ವಿಶ್ವಾರಾಧ್ಯ ಅವರ ಸ್ಕೂಟರಿನ ಕೀ ಕಿತ್ತುಕೊಂಡಿದ್ದ. “ಅಪ್ಪಾ, ಇನ್ನು ಯಾವುದನ್ನೂ ಮುಟ್ಬೇಡಿ” ಎಂದೂ ಹೇಳಿದ್ದ. ಇದು ಗೊತ್ತಾದರೆ ಸ್ಪ್ಯಾನರಿನ ಡಬ್ಬಿಯೂ ಅಟ್ಟ ಸೇರುತ್ತದೆ. ಮಾವನಿಗೆ ಉಳಿಯುವುದು ಕುರ್ಚಿ ಮಾತ್ರ.

ಬೆಳಗ್ಗೆ ಗಂಡ ಸ್ನಾನಕ್ಕೆ ಹೋದಾಗ ಅವಳು ಕಾಫಿ ಕೊಡುತ್ತ ಕೇಳಿದಳು: “ಮಾವ, ಕಾರ್ಖಾನೇಲಿ ಕುಲುಮೆನೂ ರಾತ್ರಿ ಆರಿಸ್ತಿದ್ರಾ?”

“ಕುಲುಮೆ ಆರಿಸೋದಾ? ಒಳ್ಳೆ ಲೆಕ್ಚರರು ಮಾರಾಯ್ತಿ ನೀನು. ಅದು ಆರಿದ್ರೆ ಮತ್ತೆ ಹದಕ್ಕೆ ತರೋಕೆ ವಾರ ಬೇಕು.”

“ನಮ್ಮ ಕಾರಿನ ಕಂಪ್ಯೂಟರೂ ಹಂಗೇ ಅಂತೆ. ರಾತ್ರಿ ಬ್ಯಾಟರಿ ಕರೆಂಟ್ ತಪ್ಪಿದ್ರೆ ಹದ ಕೆಡ್ತದಂತೆ. ಭೀಮೇಶ್ ಹೇಳ್ತಿದ್ದ.”

ಲೋಟ ತುಟಿಯ ಬಳಿಯೇ ನಿಂತಿತು. ಅವರು ಅಂಗಳದಲ್ಲಿದ್ದ ಕಾರಿನ ಕಡೆ ತಿರುಗಿದರು.

“ಬೆಂಕಿ ಗಿಂಕಿ ಹತ್ತಿದ್ರೆ?”

“ಫ್ಯೂಸ್ ಇದೆಯಲ್ಲ ಮಾವ. ಎಲ್ಲ ಸರಿ ಇದೆಯಾ ಅಂತ ನೀವೇ ಒಂದ್ಸಲ ನೋಡಿ.”

“ನೋಡ್ತೀನಿ” ಎಂದರು.

ಮರುದಿನ ಫ್ಯೂಸುಗಳನ್ನೆಲ್ಲ ನೋಡಿದರು; ಆ ರಾತ್ರಿ ಬಾನೆಟ್ಟಿನ ಸದ್ದಾಗಲಿಲ್ಲ. ಮೂರನೆಯ ಬೆಳಗ್ಗೆ ಕಾರು ಒಂದೇ ಕೀಗೆ ಸ್ಟಾರ್ಟ್ ಆಯಿತು. ಗೇಟು ತೆಗೆಯುತ್ತಿದ್ದ ವಿಶ್ವಾರಾಧ್ಯ, “ಕೊನೆಗೂ ಏನ್ ಮಾಡಿದ್ನೇ ಭೀಮೇಶ?” ಎಂದ. ಜಗುಲಿಯಲ್ಲಿ ಮಾವ ಪೇಪರಿನ ಪುಟ ಮಗುಚುವ ಸದ್ದು ನಿಂತಿತು.

“ಪ್ಲಗ್ಗು, ಇಂಜೆಕ್ಟರು ಎಲ್ಲ ಮಾಡಿದ್ನಲ್ಲ ರೀ” ಎಂದಳು. ಅದು ಸುಳ್ಳಲ್ಲ.

ಮಲವಗೊಪ್ಪದಲ್ಲಿ ಭೀಮೇಶ್ ಗ್ಯಾರೇಜಿನ ಮುಂದೆ ನಿಂತು ಹೇಗಿದೆ ಎಂದು ಕೈಸನ್ನೆ ಮಾಡಿದ. ನಿನ್ನ ಊಹೆಯೇ ಸರಿ ಎಂದು ಅವನಿಗಾದರೂ ಹೇಳಬೇಕೆನಿಸಿತು. ಆದರೆ ವಿಶ್ವಾರಾಧ್ಯನ ಬೈಕೂ ರಿಪೇರಿಗೆ ಅಲ್ಲಿಗೇ ಬರುತ್ತದೆ. ಯಾರಿಗೂ ಹೇಳುವುದು ಬೇಡ ಎಂದು ನಿಶ್ಚಯಿಸಿ, ಹಾರ್ನ್ ಒಂದು ಸಲ ಒತ್ತಿ, ನಿಲ್ಲಿಸದೆ ಶಿವಮೊಗ್ಗದ ಕಡೆ ಹೋದಳು.