ಮಂಜುಗಡ್ಡೆಯ ಮೇಲೆ ಬೆಲ್ಟು

ಬೇಸಿಗೆಯಲ್ಲಿ ನಮ್ಮ ದ್ವೀಪದಿಂದ ದಡಕ್ಕೆ ದೋಣಿಯಲ್ಲಿ ಹೋಗಿಬರಲು ಒಬ್ಬರಿಗೆ ಹದಿನಾರು ಡಾಲರ್, ಕಾರು ಜೊತೆಗಿದ್ದರೆ ಇನ್ನೂ ಮೂವತ್ತು. ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟಿತೆಂದರೆ ಅದೇ ದಾರಿ ಪುಕ್ಕಟೆ. ಕ್ರಿಸ್‌ಮಸ್ ಮುಗಿದ ಮೇಲೆ ಪ್ರತಿ ಮನೆಯವರೂ ಮನೆಯೊಳಗೆ ಅಲಂಕರಿಸಿಟ್ಟಿದ್ದ, ಈಗ ಒಣಗಿದ ಮರವನ್ನು ತಂದುಕೊಡುತ್ತಾರೆ. ನಾವು ಕೆಲವರು ಮಂಜುಗಡ್ಡೆಗೆ ತೂತು ಕೊರೆದು ಅವನ್ನು ಸಾಲಾಗಿ ನೆಡುತ್ತೇವೆ. ಆ ಸಾಲೇ ರಸ್ತೆ. ಅದರ ಮೇಲೆ ಓಡಾಡುವವರು ಕೊಡಬೇಕಾದ ಸುಂಕ ಇಷ್ಟೇ: ಗಾಡಿಯ ಕಿಟಕಿ ಇಳಿಸಬೇಕು, ಸೀಟಿನ ಬೆಲ್ಟು ಬಿಚ್ಚಬೇಕು, ಚಳಿ ತಡೆದುಕೊಳ್ಳಬೇಕು. ಗಡ್ಡೆ ಒಡೆದರೆ ಗಾಡಿ ಮುಳುಗಲು ಹೆಚ್ಚು ಹೊತ್ತು ಬೇಡ. ಹೊರಗೆ ಹಾರಲು ಮೈಗೆ ಕಟ್ಟು ಇರಬಾರದು. ಇದನ್ನು ನಮಗೆ ಯಾರೂ ಪಾಠ ಮಾಡಿದ್ದಲ್ಲ. ಮಾತು ಬಾರದ ಕೂಸೂ ದಡ ಬಿಡುತ್ತಲೇ ತನ್ನ ಬೆಲ್ಟಿಗೆ ಕೈ ಹಾಕುತ್ತದೆ.

ನನ್ನ ಅಕ್ಕ ಐಲಿ ಶಾಲೆಯ ವ್ಯಾನು ಓಡಿಸುತ್ತಿದ್ದಳು. ದ್ವೀಪದ ಮಕ್ಕಳನ್ನು ಆಚೆ ದಡದ ಶಾಲೆಗೆ ಕರೆದೊಯ್ದು ತರುವುದು ಅವಳ ಕೆಲಸ. ಗಂಡ ತೀರಿದ ಮೇಲೆ ಅವಳ ಮನೆ ನಡೆಯುತ್ತಿದ್ದುದು, ಅವಳ ಸಕ್ಕರೆ ಕಾಯಿಲೆಯ ಔಷಧಕ್ಕೆ ವಿಮೆ ಸಿಗುತ್ತಿದ್ದುದು ಅದರಿಂದಲೇ. ಗಡ್ಡೆ ದಾಟಿ ಡಾಂಬರು ರಸ್ತೆ ಹತ್ತುವ ಮೊದಲು ಗಾಡಿ ನಿಲ್ಲಿಸಿ ಹಿಂದೆ ತಿರುಗುವಳು. "ಈಗ ಬಿಗೀರೋ ಕೋತಿಗಳಾ" ಅನ್ನುವಳು. ಒಬ್ಬೊಬ್ಬರ ಬೆಲ್ಟನ್ನೂ ಎಳೆದು ನೋಡಿಯೇ ಮುಂದೆ ಹೊರಡುವಳು.

ಆ ವರ್ಷ ಶಾಲೆಗಳ ಮೇಲಧಿಕಾರಿಯಾಗಿ ಡಾಕ್ಟರ್ ವಿಟ್ಕಾಂಬ್ ಬಂದರು. ರೋಗ ನೋಡುವ ಡಾಕ್ಟರಲ್ಲ. ಮಕ್ಕಳ ಪ್ರಯಾಣದ ಸುರಕ್ಷತೆಯ ಮೇಲೆ ದಪ್ಪ ಪ್ರಬಂಧ ಬರೆದು ಪದವಿ ಪಡೆದವರು. ಬಂದವರೇ ವ್ಯಾನಿನೊಳಗೆ ಕ್ಯಾಮೆರಾ ಹಾಕಿಸಿದರು. ಫೆಬ್ರವರಿಯಲ್ಲಿ ಅದರ ಚಿತ್ರ ನೋಡಿ ಕೂತಲ್ಲೇ ಬೆವರಿದರಂತೆ: ಕಿಟಕಿಗಳೆಲ್ಲ ತೆರೆದಿವೆ, ಒಂದು ಮಗುವಿಗೂ ಬೆಲ್ಟಿಲ್ಲ. ಐಲಿಗೆ ನೋಟಿಸು ಬಂತು. ವಿಚಾರಣೆ ದ್ವೀಪದ ಸಭಾಭವನದಲ್ಲೇ ಆಗಬೇಕೆಂದು ನಾವು ಹಟ ಹಿಡಿದೆವು. ಅವರೇ ಒಮ್ಮೆ ಆ ದಾರಿಯಲ್ಲಿ ಬಂದರೆ ವಿಷಯ ತಾನಾಗಿ ಅರ್ಥವಾದೀತು ಎಂಬ ಆಸೆ ನನ್ನದು. ಕರೆತರಲು ನಾನೇ ನನ್ನ ಗಾಡಿ ತೆಗೆದುಕೊಂಡು ಹೋದೆ.

ಹತ್ತಿದ ಕೂಡಲೇ ಬೆಲ್ಟು ಬಿಗಿದರು. ಇಲ್ಲಿ ಬಿಚ್ಚುವುದು ಒಳ್ಳೆಯದು ಎಂದೆ. ಅವರು ನಕ್ಕು, ಬೆಲ್ಟಿನಿಂದ ದೇಶದಲ್ಲಿ ಎಷ್ಟು ಜೀವ ಉಳಿದಿದೆ ಎಂದು ವಿವರಿಸತೊಡಗಿದರು. ಸುಳ್ಳೇನಲ್ಲ, ಸುಮ್ಮನೆ ಕೇಳಿಸಿಕೊಂಡೆ. ಅರ್ಧ ದಾರಿಯಲ್ಲಿ ನಮ್ಮ ಕೆಳಗೆ ಸರೋವರ ನರಳಿತು. ಗಟ್ಟಿ ಗಡ್ಡೆಯೂ ಹಾಗೆ ಸದ್ದು ಮಾಡುತ್ತದೆ, ನಮಗದು ಮಾಮೂಲು. ಅವರ ಮಾತು ನಿಂತಿತು. ಟಕ್ ಎಂದು ಬೆಲ್ಟು ಬಿಚ್ಚಿಕೊಂಡಿತು, ಕಿಟಕಿ ಇಳಿಯಿತು, ಒಂದು ಕೈ ಬಾಗಿಲ ಹಿಡಿಯ ಮೇಲೆ ಹೋಯಿತು. ದ್ವೀಪ ಮುಟ್ಟುವವರೆಗೂ ಆ ಕೈ ಅಲ್ಲಿಂದ ಕದಲಲಿಲ್ಲ. ಅಕ್ಕನ ಕೆಲಸ ಉಳಿಯಿತು ಅಂದುಕೊಂಡೆ.

ಸಭೆಯಲ್ಲಿ ಅವರ ಮುಖಕ್ಕೆ ಮತ್ತೆ ಬಣ್ಣ ಬಂದಿತ್ತು. ಗೋಡೆಯ ಮೇಲೆ ಹೆದ್ದಾರಿ ಅಪಘಾತಗಳ ಚಿತ್ರ ತೋರಿಸಿದರು. ಇನ್ನು ಮೇಲೆ ಗಡ್ಡೆಯ ಮೇಲೂ ಕಿಟಕಿ ಮುಚ್ಚಿ, ಬೆಲ್ಟು ಬಿಗಿದೇ ಮಕ್ಕಳನ್ನು ಒಯ್ಯುತ್ತೇನೆಂದು ಐಲಿ ಸಹಿ ಹಾಕಿದರೆ ತಪ್ಪು ಮನ್ನಾ, ಇಲ್ಲವಾದರೆ ಕೆಲಸ ಇಲ್ಲ ಎಂದರು.

"ಹಾಕ್ತೀನಿ ಸ್ವಾಮಿ," ಅಂದಳು ಅಕ್ಕ. "ಆದ್ರೆ ದಿನಾ ನೀವೂ ಮಧ್ಯದ ಸೀಟಲ್ಲಿ ಬೆಲ್ಟು ಬಿಗಿದು ಕೂತ್ಕೋಬೇಕು."

ಜನ ನಕ್ಕರು. ಅವರು ನಗಲಿಲ್ಲ. ನನಗೆ ತಡೆಯಲಾಗಲಿಲ್ಲ, ಎದ್ದು ನಿಂತೆ.

"ಡಾಕ್ಟರೇ, ಈಗ ಬರ್ತಾ ನಿಮ್ಮ ಬೆಲ್ಟು ಎಲ್ಲಿತ್ತು?"

ಕಾಗದ ಜೋಡಿಸುತ್ತ ಅವರು ಮೆತ್ತಗೆ ಹೇಳಿದರು: "ಅದು ನನ್ನ ಸ್ವಂತ ವಿಷಯ. ಮಕ್ಕಳ ಮಟ್ಟಿಗೆ ನಿಯಮ ಅಂದ್ರೆ ನಿಯಮ."

"ಅಂದ್ರೆ ನಿಮ್ಮ ಜೀವಕ್ಕೆ ಬುದ್ಧಿ, ನಮ್ಮ ಮಕ್ಕಳ ಜೀವಕ್ಕೆ ಪುಸ್ತಕ ಅಂತಾಯ್ತು," ಅಂದು ಐಲಿ ವ್ಯಾನಿನ ಕೀಲಿಯನ್ನು ಮೇಜಿನ ಮೇಲಿಟ್ಟಳು.

ತಿಳಿಯದೆ ಮಾಡಿದ್ದರೆ ಮರೆತುಬಿಡುತ್ತಿದ್ದೆ. ತಿಳಿಯದವರು ಎಲ್ಲ ಕಡೆ ಇರುತ್ತಾರೆ. ಈ ಮನುಷ್ಯನಿಗೆ ತಿಳಿದಿತ್ತು. ಅವರ ಕೈಗೆ ತಿಳಿದಿತ್ತು. ಆ ಕೈಯಲ್ಲೇ ಅವರು ನನ್ನ ಅಕ್ಕನನ್ನು ಕೆಲಸದಿಂದ ತೆಗೆದ ಆದೇಶಕ್ಕೆ ಸಹಿ ಹಾಕಿದರು.

ಅವರು ಕಾಲ್ನಡಿಗೆಯಲ್ಲೇ ವಾಪಸು ಹೋಗಲಿ ಬಿಡು ಎಂದು ಸುಮಾರು ಜನ ನನಗೆ ಹೇಳಿದರು. ನನಗೂ ಹಾಗೇ ಅನ್ನಿಸಿತ್ತು. ಐಲಿಯೇ ಬಂದು ತೋಳು ತಟ್ಟಿದಳು. "ಅವ್ರನ್ನ ದಡಕ್ಕೆ ಬಿಟ್ಟು ಬಾ ತಮ್ಮಾ. ಕತ್ತಲಾದ್ರೆ ಅವ್ರಿಗೆ ಮರಗಳು ಕಾಣಲ್ಲ."

ವಾಪಸು ಹೋಗುವಾಗ ಅವರು ಬೆಲ್ಟನ್ನು ಮುಟ್ಟಲೇ ಇಲ್ಲ. ಕಿಟಕಿಯನ್ನು ತಾವೇ ಇಳಿಸಿದರು.

ಮಾರನೆಯ ವಾರ ಹೊಸ ಚಾಲಕ ಬಂದ. ತಾಯ್ತಂದೆಯರು ಮಕ್ಕಳನ್ನು ತಮ್ಮ ತಮ್ಮ ಗಾಡಿಗಳಲ್ಲೇ ದಾಟಿಸಿದರು. ಕಿಟಕಿ ಮುಚ್ಚಿದ ಖಾಲಿ ವ್ಯಾನು ಮರಗಳ ಸಾಲಿನ ಪಕ್ಕ ಹೋಗಿಬರುತ್ತಿತ್ತು. ಡಾಕ್ಟರ್ ವಿಟ್ಕಾಂಬ್ ವಿಚಾರಣೆಯ ಸಂಜೆ ಕ್ಷೇಮವಾಗಿ ದಡ ಸೇರಿದರು. ಅಕ್ಕನ ಕೆಲಸ ಹೋಯಿತು, ಅದರ ಜೊತೆ ವಿಮೆಯೂ ಹೋಯಿತು.