ಯಾರ ತೋಳಿನ ಬಿಪಿ

ಮಾತು ಬಲ್ಲವರಿಗೆ ಜಗಳವಿಲ್ಲವಂತೆ. ನನಗೆ ಮಾತೂ ಬರುತ್ತದೆ, ಜಗಳವೂ ಬರುತ್ತದೆ. ಮುಂಬಯಿಯ ಪರೇಲ್‌ನ ಒಂದು ಆಸ್ಪತ್ರೆಯಲ್ಲಿ ರೋಗಿಗಳಿಗೆ ಬಿಪಿ ಮಷೀನ್ ಕೊಟ್ಟು, ತೋಳಿಗೆ ಪಟ್ಟಿ ಸುತ್ತುವುದು, ಮೊಬೈಲಿನಲ್ಲಿ ಆ್ಯಪ್ ತೆರೆಯುವುದು ಕಲಿಸುವುದು ನನ್ನ ಕೆಲಸ. ಮನೆಯಲ್ಲಿ ಅಳೆದದ್ದು ತಾನಾಗಿ ನಮ್ಮ ಕಂಪ್ಯೂಟರಿಗೆ ಬರುತ್ತದೆ. ಅದನ್ನು ನೋಡಿ ಡಾಕ್ಟರು ಮಾತ್ರೆ ಬದಲಾಯಿಸುತ್ತಾರೆ.

ಭಾಂಡುಪ್‌ನ ಚಾಳಿನ ನಾಗವ್ವನ ಬಿಪಿ ಮಾತ್ರ ನನ್ನ ನಿದ್ದೆ ಕೆಡಿಸಿತ್ತು. ಬೆಳಿಗ್ಗೆ ನೂರ ಮೂವತ್ತು, ಮಧ್ಯಾಹ್ನ ಇನ್ನೂರ ನಾಲ್ಕು! ಡಾಕ್ಟರು ಹೊಸ ಮಾತ್ರೆ ಬರೆದ ಮೇಲೂ ದಿನಾ ಅದೇ ಕಥೆ. ಇಷ್ಟು ಏರಿದರೆ ತಲೆಯ ರಕ್ತನಾಳ ಒಡೆದು ಹೋಗಬಹುದು. ನಮ್ಮ ಮ್ಯಾನೇಜರ್ ರಮಾನಾಥರಿಗೆ ಬೇರೆಯೇ ಚಿಂತೆ.

"ವಿನೋದಿನಿ, ಅವಳು ಮಷೀನನ್ನು ಯಾರಿಗೋ ಕೊಡ್ತಾ ಇದ್ದಾಳೆ. ಡೇಟಾ ಪೂರಾ ಖರಾಬ್. ಇವತ್ತೇ ಹೋಗಿ ವಾಪಸ್ ತನ್ನಿ."

"ಆ ಇನ್ನೂರು ಯಾರದ್ದು ಅಂತ ನೋಡುವುದು ಬೇಡ್ವಾ ಸಾರ್?"

"ನಮ್ಮ ಪೇಷಂಟ್ ಅಲ್ಲದಿದ್ರೆ ನಮಗೆ ಎಂತಕ್ಕೆ ಮಾರಾಯ್ತಿ?"

ಮೈಯೆಲ್ಲ ಉರಿಯಿತು. ಬ್ಯಾಗು ಎತ್ತಿಕೊಂಡು ಭಾಂಡುಪ್‌ಗೆ ಸ್ಲೋ ಲೋಕಲ್ ರೈಲು ಹಿಡಿದೆ.

ನಾಗವ್ವ ವಿಜಯಪುರದ ಕಡೆಯವಳು, ಜೋಳದ ರೊಟ್ಟಿ ಬಡಿದು ಮಾರುತ್ತಾಳೆ. ನಾನು ಹೋದಾಗ ಅವಳು ಬಡಿಯುತ್ತಿದ್ದಳು, ಪಕ್ಕದ ಖೋಲಿಯ ಸುಂದ್ರವ್ವ ಬೇಯಿಸುತ್ತಿದ್ದಳು.

"ಮಷೀನ್ ಎಷ್ಟು ಜನ ಕಟ್ಟಿಕೊಳ್ತೀರಿ?" ಬಾಗಿಲಲ್ಲಿ ನಿಂತೇ ಕೇಳಿದೆ.

"ನಾವಿಬ್ಬರೇ ರೀ. ಮುಂಜಾನೆ ನಾ, ಮಧ್ಯಾಹ್ನ ಈಕಿ. ಒಂದ ಒಲಿ ಮುಂದ ದುಡಿಯೋರು, ಮನಿಗೆ ಬಂದ ವಸ್ತು ನಾ ಒಬ್ಬಾಕೀನ ಇಟಕೊಂಡು ಕುಂದ್ರಲೇನು?"

"ಹಾಗಾದ್ರೆ ಡಾಕ್ಟರು ಬರೆದ ಹೊಸ ಮಾತ್ರೆ? ನಿಮಗೆ ಬೇಡದ್ದನ್ನು ನುಂಗಿದಿರಾ?"

"ನನಗೇನ್ ಹುಚ್ಚೇನ್ರಿ? ಯಾರ ತೋಳ ನೋಡಿ ಬರದಾರೋ ಆಕೀಗೇ ಕೊಟ್ಟೆ."

ಅಯ್ಯೋ ದೇವರೇ! ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ಇನ್ನೊಬ್ಬರ ಮಾತ್ರೆ ಜೀವ ತೆಗೀಬಹುದು, ಗೊತ್ತುಂಟಾ? ಇವರನ್ನು ಆಸ್ಪತ್ರೆಗೆ ಕರ್ಕೊಂಡು ಬರ್ಲಿಕ್ಕೆ ಏನಾಗಿತ್ತು?"

ನಾಗವ್ವ ಹಿಟ್ಟಿನ ಕೈ ಕೊಡವಿ ಎದ್ದು ನಿಂತಳು.

"ಕರಕೊಂಡ ಬಂದಿದ್ದೆ, ಎರಡ ಸರ್ತೆ. ಫೋನ್ ನಂಬರ್ ಕೊಡು, ಓಟಿಪಿ ಹೇಳು ಅಂದ್ರು ನಿಮ್ಮ ಕೌಂಟರಿನಾಗ. ನನ್ನ ನಂಬರಿಗೆ ನನ್ನ ಹೆಸರು ಐತಂತ, ಇನ್ನೊಂದು ಕೂಡೂದಿಲ್ಲಂತ. ಹೊಳ್ಳಿ ಕಳಿಸಿದ್ರು. ಈಕೀಗೆ ಫೋನ್ ಇಲ್ಲರೀ, ಆದ್ರ ಜೀವ ಐತಿ! ಬೈಯಾಕ ಬಂದೀರಿ, ಬೈರಿ. ಮಷೀನ್ ಒಯ್ಯಾಕ ಬಂದೀರಿ, ಒಯ್ಯಿರಿ. ಆದ್ರ ಮೊದಲ ಈಕೀನ್ನ ಒಯ್ಯಿರಿ."

ಆ ಕೌಂಟರಿನ ಪಕ್ಕದಲ್ಲೇ ನನ್ನ ಕುರ್ಚಿ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಸುಂದ್ರವ್ವನ ಪಕ್ಕ ಕೂತು ತೋಳಿಗೆ ಪಟ್ಟಿ ಸುತ್ತಿದೆ. ಇನ್ನೂರ ಹತ್ತು.

"ನಾ ಬರೂದಿಲ್ಲವ್ವ, ಇನ್ನೂ ರೊಟ್ಟಿ ಬಾಕಿ ಅದಾವ," ಎಂದಳು ಸುಂದ್ರವ್ವ. "ಮತ್ತ ಬಾಗಲಾಗಿಂದ ಹೊಳ್ಳಿ ಬರಾಕ ನನಗಾಗೂದಿಲ್ಲ."

"ಈ ಸಲ ಯಾರು ವಾಪಸ್ ಕಳಿಸ್ತಾರೆ, ನಾನೂ ನೋಡ್ತೇನೆ," ಎಂದೆ. ನಾಗವ್ವ ಒಲೆ ಆರಿಸಿದಳು.

ಟ್ಯಾಕ್ಸಿ ಮಾಡಿಕೊಂಡು ಮೂವರೂ ಪರೇಲ್ ತಲುಪಿದೆವು. ಸುಂದ್ರವ್ವನನ್ನು ನೇರ ಎಮರ್ಜೆನ್ಸಿಯ ಹಾಸಿಗೆಯಲ್ಲಿ ಮಲಗಿಸಿ, ಯಾವ ಮಾತ್ರೆ ನುಂಗಿದ್ದಾಳೆ ಎಂದು ಡಾಕ್ಟರಿಗೆ ಹೇಳಿ, ಅವಳ ಹೆಸರು ಬರೆಸಲು ಕೌಂಟರಿಗೆ ಬಂದೆ. ಹುಡುಗಿ ಫೋನ್ ನಂಬರ್ ಕೇಳಿದಳು. ನನ್ನದು ಕೊಟ್ಟೆ.

ಅಷ್ಟರಲ್ಲಿ ರಮಾನಾಥರು ಬಂದರು. "ಮಷೀನ್ ಎಲ್ಲಿ?"

"ಭಾಂಡುಪ್‌ನಲ್ಲೇ ಉಂಟು. ಪೇಷಂಟನ್ನು ಕರ್ಕೊಂಡು ಬಂದಿದ್ದೇನೆ."

"ಸ್ಟಾಫ್ ನಂಬರ್ ಹಾಕೋದು ರೂಲ್ಸಿಗೆ ವಿರುದ್ಧ. ಮೇಲಿನವರಿಗೆ ಬರೆದು ಕೊಡ್ತೇನೆ ನಾನು."

"ಬರೀರಿ ಸಾರ್. ಎರಡು ಸಲ ವಾಪಸ್ ಕಳಿಸಿದ್ದನ್ನೂ ಅದರಲ್ಲೇ ಬರೀರಿ."

ನನ್ನ ಫೋನಿಗೆ ಓಟಿಪಿ ಬಂತು. ಇಡೀ ಹಾಲಿಗೆ ಕೇಳುವ ಹಾಗೆ ಓದಿ ಹೇಳಿದೆ.