ಕೂಸು ನೋಡುವ ಮುಯ್ಯಿ

ದೇವಾಪುರದ ಶೇಖಮ್ಮನಿಗೆ ಹಟ ಜಾಸ್ತಿ. ಮಗಳು ತೀರಿಕೊಂಡಳು, ಅಳಿಯ ಬೇರೆ ಸಂಸಾರ ಹೂಡಿದ. ಮೊಮ್ಮಗಳು ಮೌನೇಶ್ವರಿ, ಎಳೆಗೂಸು ತಿರುಪತಿ ಇಬ್ಬರೂ ಅಜ್ಜಿಯ ಪಾಲಿಗೆ ಬಂದರು. ಯಾರೂ 'ಅಯ್ಯೋ ಪಾಪ' ಅನ್ನಬಾರದೆಂದು ಶೇಖಮ್ಮ ಬಾಯಿ ಬಿಗಿಹಿಡಿದಳು. ಹತ್ತಿ ಬಿಡಿಸಲು ಹೋಗುವಾಗ ಕೂಸನ್ನು ಮೌನೇಶ್ವರಿಯ ಸೊಂಟಕ್ಕೇರಿಸಿದಳು. ನಾಲ್ಕು ದಿನಕ್ಕೆಂದು ಬಿಡಿಸಿದ ಶಾಲೆ ವರ್ಷ ಕಳೆದರೂ ಬಿಟ್ಟೇ ಇತ್ತು.

ಒಂದು ಬೆಳಿಗ್ಗೆ ಪಕ್ಕದ ಮನೆಯ ಭೀಮಾಬಾಯಿ ಬಂದಳು. ಮಗ, ಸೊಸೆ ದುಡಿಯಲು ಪುಣೆಗೆ ಹೋದ ಮೇಲೆ ಆಕೆಯೂ ಮೊಮ್ಮಗನನ್ನು ಸಾಕುತ್ತಿದ್ದಳು.

"ಶೇಖಕ್ಕ, ನಾಳಿ ನನ್ನ ಹೊಲಕ್ಕ ಮುಯ್ಯಿ ಬರ್ತೀಯೇನು? ನಾಡದ್ದು ನಾ ನಿನ್ನ ಹೊಲಕ್ಕ ಬರ್ತೀನಿ."

"ಬರ್ತೀನಿ ತಗೋ. ಮುಯ್ಯಿ ಅಂದಮ್ಯಾಲ ಒಲ್ಲೆ ಅನ್ನಾಕ ಬರ್ತದೇನು?"

"ಮತ್ತ ಈ ಹುಡುಗಿ ಸಾಲಿ?"

"ಕೂಸಿನ್ನ ಯಾರು ನೋಡ್ಬೇಕು? ಮಂದಿ ಮುಂದ ಕೈ ಒಡ್ಡೂದು ನನ್ನಿಂದ ಆಗಂಗಿಲ್ಲ."

"ಕೈ ಯಾಕ ಒಡ್ಡತಿ? ಹೊಲಕ್ಕ ಮುಯ್ಯಿ ಅದ, ಕೂಸಿಗಿಲ್ಲೇನು? ಹಿಂದಿನ ಓಣಿ ಹಜರಾಬೀನೂ ಮೊಮ್ಮಗಳ್ನ ಸಾಕಾಕತ್ತಾಳ. ದಿನಾ ಒಬ್ಬಾಕಿ ಮಕ್ಕಳ್ನ ನೋಡೂದು, ಇಬ್ಬರು ಹೊಲಕ್ಕ ಹೋಗೂದು. ಸಂಜೀಕ ಕೂಡಿ ಕುಂತು ನಾಕು ಮಾತಾಡಿದ್ರ ಎದಿನೂ ಹಗುರ ಆಗ್ತದ."

ಶೇಖಮ್ಮ ತಲೆ ತಗ್ಗಿಸಿದಳು. "ಹೋದ ವರ್ಷನ ಹೇಳಬಾರ್ದಿತ್ತೇನು, ಭೀಮವ್ವ?"

"ನೀ ಕೇಳಲಿಲ್ಲ, ನಾ ಹೇಳಲಿಲ್ಲ. ನಾನೂ ಕದ ಮುಚ್ಕೊಂಡು ಅಳ್ತಿದ್ದೆ."

ಶೇಖಮ್ಮ ಮೌನೇಶ್ವರಿಯ ಸೊಂಟದಿಂದ ಕೂಸನ್ನು ತಾನೇ ಎತ್ತಿಕೊಂಡಳು. "ನಾಳಿಯಿಂದ ನೀ ಸಾಲಿಗೆ ಹೋಗವ್ವ."

"ಯಾವ ಕ್ಲಾಸಿಗೆ, ಆಯಿ?" ಎಂದಳು ಮೌನೇಶ್ವರಿ. "ನನ್ನ ಜೋಡಿನವ್ರೆಲ್ಲ ಹೈಸ್ಕೂಲಿಗೆ ಹೋಗ್ಯಾರ."

ಕೆಟ್ಟ ಮೇಲೆ ಬುದ್ಧಿ ಬಂತು. ಮರುದಿನ ಶೇಖಮ್ಮನೇ ಮೊಮ್ಮಗಳಿಗೆ ಜಡೆ ಹೆಣೆದು ಶಾಲೆಗೆ ಬಿಟ್ಟು ಬಂದಳು. ಹುಡುಗಿ ತನಗಿಂತ ಚಿಕ್ಕವರ ನಡುವೆ ಮುದುಡಿ ಕುಳಿತಿದ್ದಳು. ಮೂವರು ಅಜ್ಜಿಯರ ಮುಯ್ಯಿ ಈಗ ಚೆನ್ನಾಗಿ ನಡೆದಿದೆ. ಆದರೂ ತನ್ನ ಹಟಕ್ಕೆ ಹುಡುಗಿಯ ವರ್ಷ ಹೋಯಿತಲ್ಲ ಎಂಬ ಸಂಕಟ ಶೇಖಮ್ಮನನ್ನು ಬಿಟ್ಟಿಲ್ಲ.

ಮೊಮ್ಮಕ್ಕಳನ್ನು ಸಾಕುತ್ತಿರುವ ತಾಯಂದಿರೇ, ಒಬ್ಬರೇ ನವೆಯಬೇಡಿ. ಪಕ್ಕದ ಮನೆಯ ಕದ ತಟ್ಟಿ, ಮಹಿಳಾ ಸಂಘದಲ್ಲಿ ಬಾಯಿ ಬಿಟ್ಟು ಹೇಳಿ, ಅಂಗನವಾಡಿ ಟೀಚರನ್ನು ಕೇಳಿ. ಪಕ್ಕದ ಮನೆಯವರೇ, ಅವರು ಬಂದು ಕೇಳಲಿ ಎಂದು ನೀವೂ ಕಾಯಬೇಡಿ. ಮೌನೇಶ್ವರಿಗೆ ಆ ವರ್ಷ ಮರಳಿ ಸಿಗುವುದಿಲ್ಲ. ನಿಮ್ಮ ಓಣಿಯ ಹುಡುಗಿಗೆ ಈ ವರ್ಷ ಇನ್ನೂ ಕೈಯಲ್ಲಿದೆ.